ಪೆಟ್ರೋಲಿನ ತಾಳ್ಮೆ

ಮುಂಬಯಿಯ ವಿಕ್ರೋಳಿಯಲ್ಲಿ ಎಲ್‌ಬಿಎಸ್ ಮಾರ್ಗದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ "ಸಾದಾ ಕಿ ಪವರ್?" ಎಂಬ ಪ್ರಶ್ನೆ ಬರುತ್ತದೆ. ಹಿಂದೆ ಕೂತ ಮಕ್ಕಳಿಗೆ ಪವರೇ ಬೇಕು. "ಪಪ್ಪಾ, ಅದನ್ನೇ ಹಾಕಿಸು, ಸ್ಕೂಟರ್ ಜೋರಾಗಿ ಓಡ್ತದೆ!" ಅಂಥ ಪೆಟ್ರೋಲಿನ ಬೆಲೆ ಜಾಸ್ತಿ, ಹೆಸರಿನ ಪಕ್ಕದ ಸಂಖ್ಯೆಯೂ ದೊಡ್ಡದು: 97, 100. ಅಂದಮೇಲೆ ಶಕ್ತಿಯೂ ಜಾಸ್ತಿ ಇರಬೇಕಲ್ಲ?

ಇಲ್ಲ ಮಕ್ಕಳೇ. ಆಕ್ಟೇನ್ ಎಂಬ ಆ ಸಂಖ್ಯೆ ಪೆಟ್ರೋಲಿನ ಶಕ್ತಿಯನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಪೆಟ್ರೋಲಿನ ತಾಳ್ಮೆಯನ್ನು.

ಸೈಕಲ್ ಟೈರಿಗೆ ಗಾಳಿ ಹೊಡೆದ ಕೂಡಲೇ ಪಂಪಿನ ಬುಡ ಮುಟ್ಟಿ ನೋಡಿ. ಬೆಚ್ಚಗಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸ್ಕೂಟರಿನ ಎಂಜಿನ್ನಿನೊಳಗೂ ಇದೇ ನಡೆಯುತ್ತದೆ, ಆದರೆ ಬಹಳ ಜೋರಾಗಿ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುತ್ತಾ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸುಮಾರು ಹತ್ತನೇ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಾರಬೇಕು, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬಬೇಕು, ಪಿಸ್ಟನ್ ಕೆಳಕ್ಕೆ ದೂಡಿಸಿಕೊಳ್ಳಬೇಕು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಇಷ್ಟೆಲ್ಲ ಒಂದು ಸೆಕೆಂಡಿನಲ್ಲಿ 50 ಸಲ ಆಗಿಹೋಗುತ್ತದೆ!

ಬೆಂಕಿ ಇನ್ನೂ ತಲುಪದ ಮೂಲೆಯಲ್ಲಿ ಉಳಿದ ಪೆಟ್ರೋಲಿನ ಪಾಡು ನೋಡಿ. ಸುತ್ತಲಿಂದ ಒತ್ತಡ, ಜೊತೆಗೆ ಬಿಸಿ. ಗಣೇಶೋತ್ಸವದಲ್ಲಿ ಪ್ರಸಾದದ ಸಾಲಿನ ಕೊನೆಯವರು ತಾಳಲಾರದೆ ಒಮ್ಮೆಲೇ ಮುನ್ನುಗ್ಗಿದ ಹಾಗೆ, ತಾಳ್ಮೆ ಸಾಲದಿದ್ದರೆ ಆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಸಿಡಿಯುತ್ತದೆ. ಸಿಲಿಂಡರಿನ ಗೋಡೆಗೆ ಪೆಟ್ಟು ಬೀಳುತ್ತದೆ. ಹಳೆಯ ಬೈಕು ಹೆಚ್ಚಿನ ಗೇರಿನಲ್ಲೇ ಏರು ಹತ್ತುವಾಗ ಲೋಹದ 'ಟಿಣ್ ಟಿಣ್' ಸದ್ದು ಕೇಳಿದ್ದೀರಾ? ಅದೇ ನಾಕಿಂಗ್. ಹೆಚ್ಚಾದರೆ ಪಿಸ್ಟನ್ನಿಗೇ ಅಪಾಯ.

ಈ ತಾಳ್ಮೆಯನ್ನು ಅಳೆಯಲು ವಿಜ್ಞಾನಿಗಳು ಎರಡು ದ್ರವಗಳನ್ನು ಆರಿಸಿಕೊಂಡರು. ಬೇಗ ಸಿಡಿಯುವ ಹೆಪ್ಟೇನಿಗೆ 0, ತಡೆದುಕೊಳ್ಳುವ ಐಸೋ-ಆಕ್ಟೇನಿಗೆ 100. ಪೆಟ್ರೋಲಿಗೆ 91 ಎಂದರೆ, 91 ಪಾಲು ಐಸೋ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದರೆ ಎಷ್ಟು ತಡೆಯುತ್ತದೋ ಅಷ್ಟೇ ಇದೂ ತಡೆಯುತ್ತದೆ. ಈ ತಾಳ್ಮೆಗಾಗಿ ಜಗತ್ತು ಹಿಂದೆ ಪೆಟ್ರೋಲಿಗೆ ಸೀಸವನ್ನೇ ಬೆರೆಸುತ್ತಿತ್ತು. ಹೊಗೆಯ ಜೊತೆ ಬಂದ ಆ ವಿಷ ಮಕ್ಕಳ ಮಿದುಳಿಗೇ ಕೇಡು ಮಾಡುತ್ತಿತ್ತು. ಭಾರತದಲ್ಲಿ 2000ನೇ ಇಸವಿಯಲ್ಲಿ ಅದು ನಿಂತಿತು, ಒಳ್ಳೆಯದೇ ಆಯಿತು.

ಈಗ ಮೈಲೇಜಿನ ಮಾತು. ಈಚೆಗೆ ಪೆಟ್ರೋಲಿಗೆ 100ಕ್ಕೆ 20 ಪಾಲು ಎಥನಾಲ್ ಬೆರೆಸುತ್ತಾರೆ. ನಮ್ಮ ಬೆಳಗಾವಿ, ಬಾಗಲಕೋಟೆಗಳ ಕಬ್ಬಿನಿಂದಲೂ ಅದು ತಯಾರಾಗುತ್ತದೆ. ಎಥನಾಲಿನ ಆಕ್ಟೇನ್ 100ಕ್ಕಿಂತ ಮೇಲೆ. ಹಾಗಾಗಿ ಮಿಶ್ರಣದ ಆಕ್ಟೇನ್ ಸುಮಾರು 95ಕ್ಕೆ ಏರುತ್ತದೆ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟೇ. ಅದಕ್ಕೇ ಆಕ್ಟೇನ್ ಏರಿದರೂ ಮೈಲೇಜ್ ತುಸು ಇಳಿಯುತ್ತದೆ. ತಾಳ್ಮೆಯೇ ಬೇರೆ, ಶಕ್ತಿಯೇ ಬೇರೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನೊಂದು ಸಾಕ್ಷಿ ವಿಕ್ರೋಳಿ ಸ್ಟೇಷನ್ನಿನ ಹೊರಗೇ ನಿಂತಿದೆ. ಮುಂಬಯಿಯ ರಿಕ್ಷಾಗಳಿಗೆ ಹಾಕುವ ಸಿಎನ್‌ಜಿಯ ಆಕ್ಟೇನ್ ಸುಮಾರು 120! ಆದರೂ ರಿಕ್ಷಾ ಯಾವ ಕಾರನ್ನೂ ಹಿಂದೆ ಹಾಕುವುದಿಲ್ಲ.

ಹಾಗಾದರೆ ದುಬಾರಿ ಪೆಟ್ರೋಲ್ ಯಾರಿಗೆ? ಮಿಶ್ರಣವನ್ನು ಇನ್ನೂ ಬಿಗಿಯಾಗಿ ಅದುಮುವ ಎಂಜಿನ್ನಿಗೆ, ಟರ್ಬೊ ಇರುವ ಕೆಲವು ಕಾರುಗಳಿಗೆ. ಅಂಥ ಕಾರಿಗೆ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಅದರ ಸೆನ್ಸರ್ ನಾಕಿಂಗನ್ನು ಗುರುತಿಸುತ್ತದೆ, ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಬಲವೂ ಮೈಲೇಜೂ ಕುಗ್ಗುತ್ತವೆ. ಸಾಧಾರಣ ಸ್ಕೂಟರಿಗೆ ಹೆಚ್ಚಿನ ತಾಳ್ಮೆಯ ಅಗತ್ಯವಿಲ್ಲ, ಕೊಟ್ಟರೂ ಬಳಸಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಸ್ಕೂಟರಿನ ಮೈಲೇಜನ್ನು ತಿನ್ನುವುದು ಜೋಗೇಶ್ವರಿ-ವಿಕ್ರೋಳಿ ಲಿಂಕ್ ರೋಡಿನ ಸಿಗ್ನಲ್ಲು. ಅಲ್ಲಿ ಎಂಜಿನ್ ಓಡುತ್ತಿರುತ್ತದೆ, ಚಕ್ರ ತಿರುಗುವುದಿಲ್ಲ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಇನ್ನೂ ನಷ್ಟ. ಈ ಸಲ ಪಪ್ಪನ ಜೊತೆ ಹೋದಾಗ ಮೊದಲು ಟೈರಿನ ಗಾಳಿ ನೋಡಿಸಿ. ಯಾವ ಪೆಟ್ರೋಲ್ ಹಾಕಬೇಕು ಎಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಹುಡುಕಿ ಓದಿ ಹೇಳಿ.