ದೆಹಲಿಯ ಹೂವುಗಳೂ ನಮ್ಮ ಕ್ಯಾಮೆರಾವೂ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರಿಗೆ ಹೂವಿನ ಗೊಡವೆ ಏಕೆಂದು ತಾವು ಕೇಳಬಹುದು. ವಾರವೆಲ್ಲ ಅಂಕಿಗಳ ನಡುವೆ ಕಳೆಯುವವರಿಗೆ ಭಾನುವಾರ ಬೆಳಿಗ್ಗೆ ಒಂದಿಷ್ಟು ಬಣ್ಣ ಬೇಕೆನಿಸುವುದು ಸಹಜವಷ್ಟೆ. ಹೀಗೆ ನಮ್ಮ ಸಂಘದ ಮೂರು ನಾಲ್ಕು ಸಂಸಾರದವರು ಕೆಲವು ವರ್ಷಗಳಿಂದ ದೆಹಲಿಯ ಉದ್ಯಾನಗಳಲ್ಲಿ ಹೂಗಳ ಛಾಯಾಚಿತ್ರ ತೆಗೆಯುತ್ತಿದ್ದೇವೆ. ನಾವು ಕಲಾವಿದರಲ್ಲ, ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲು ಫೋನೇ. ಆದರೂ ಇದರಿಂದ ನಮಗೆ ದೊರೆತ ಲಾಭವನ್ನು ತಮ್ಮ ಮುಂದಿಡಬೇಕೆನಿಸಿದೆ.

ನಮ್ಮ ನಾಡಿನಿಂದ ಬಂದವರಿಗೆ ದೆಹಲಿಯೆಂದರೆ ಎರಡೇ ಕಾಲ: ಸುಡುವ ಬಿಸಿಲು, ಕೊರೆಯುವ ಚಳಿ. ಕ್ಯಾಮೆರಾ ಹಿಡಿದು ಹೊರಟರೆ ಹಾಗಲ್ಲವೆಂದು ತಿಳಿಯುತ್ತದೆ. ಇಲ್ಲಿಯೂ ಕಾಲಕಾಲಕ್ಕೆ ಒಂದೊಂದು ಹೂವಿನ ಸರದಿ ಉಂಟು.

ರಾಜ್ಯೋತ್ಸವದ ಈ ದಿನಗಳಿಂದಲೇ ಆರಂಭಿಸೋಣ. ಸಂಜೆ ರಸ್ತೆಯಲ್ಲಿ ನಡೆಯುವಾಗ ಮೂಗಿಗೆ ಬಡಿಯುವ ಗಾಢವಾದ ಪರಿಮಳ ಸಪ್ತಪರ್ಣಿಯದು, ನಮ್ಮ ಹಾಲೆಮರ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ದಕ್ಷಿಣ ಕನ್ನಡದವರು ಕುಡಿಯುವ ಕಹಿ ಕಷಾಯ ಇದರ ತೊಗಟೆಯದೇ. ಇದರ ಹಲಗೆಯಿಂದ ಮಕ್ಕಳ ಬರೆಯುವ ಹಲಗೆಗಳನ್ನು ಮಾಡುತ್ತಿದ್ದುದರಿಂದ ಸಸ್ಯಶಾಸ್ತ್ರದಲ್ಲಿ ಇದಕ್ಕೆ 'ಸ್ಕಾಲಾರಿಸ್' ಎಂಬ ಹೆಸರು ಬಂದಿದೆ. ಗೊಂಚಲುಗಳು ಎಲೆಯ ನಡುವೆ ಮಂಕಾಗಿ ಕಾಣುತ್ತವೆ. ಹಿಂದೆ ನೆರಳಿರುವ ಕೆಳಗಿನ ಕೊಂಬೆಯನ್ನು ಆರಿಸಿಕೊಂಡರೆ ಚಿತ್ರ ಚೆನ್ನಾಗಿ ಮೂಡುತ್ತದೆ.

ಬಳಿಕ ಸೇವಂತಿಗೆ. ಇರುಳು ದೀರ್ಘವಾಗುವುದನ್ನೇ ಕಾದು ಮೊಗ್ಗಿಡುವ ಗಿಡವಿದು. ಚಳಿಗಾಲದ ಮಂಜನ್ನು ನಾವೆಲ್ಲ ಶಪಿಸುತ್ತೇವೆ. ಆದರೆ ತೆಳುವಾದ ಮಂಜಿನಲ್ಲಿ ಬೆಳಕು ಹದವಾಗಿ ಹರಡಿ, ಒರಟು ನೆರಳು ಬೀಳದೆ, ಎಸಳು ಎಸಳೂ ಬಿಡಿಯಾಗಿ ಕಾಣುತ್ತದೆ.

ಫೆಬ್ರವರಿ ಮಾರ್ಚಿಯಲ್ಲಿ ಜನರೆಲ್ಲ ರಾಷ್ಟ್ರಪತಿ ಭವನದ ತೋಟಕ್ಕೆ ಹೋಗುತ್ತಾರೆ. ಮೊಗಲ್ ಗಾರ್ಡನ್ ಎನಿಸಿಕೊಂಡಿದ್ದ ಅದು 2023ರಿಂದ ಅಮೃತ ಉದ್ಯಾನ. ಅಲ್ಲಿ ನಿಂತು ನೋಡಲು ಬಿಡುವಿಲ್ಲದಷ್ಟು ಜನ. ನಾವಾದರೋ 1936ರಲ್ಲಿ ಆರಂಭವಾದ ಲೋದಿ ಉದ್ಯಾನಕ್ಕೆ, ಬೂರುಗದ ಮರ ನೋಡಲು ಹೋಗುತ್ತೇವೆ. ಒಂದೆಲೆಯೂ ಇಲ್ಲದ ಕೊಂಬೆಗಳ ತುಂಬ ಕೆಂಪು ಬಟ್ಟಲುಗಳು, ಮೇಲೆ ನೀಲಿ ಆಕಾಶ. ಮಕರಂದಕ್ಕೆ ಮೈನಾ, ಕಾಗೆ, ಪಿಕಳಾರಗಳೆಲ್ಲ ಬರುತ್ತವೆ. ಕಾಲು ಗಂಟೆ ಸುಮ್ಮನೆ ನಿಂತವರಿಗೆ ಹಕ್ಕಿಯೂ ಸಿಗುತ್ತದೆ, ಹೂವೂ ಸಿಗುತ್ತದೆ.

ಮೇ ಜೂನಿನ ಉರಿಯಲ್ಲಿ ಅಮಲ್ತಾಸ್. ಈ ಹಳದಿಯನ್ನು ನಡುಹಗಲಿನಲ್ಲಿ ಹಿಡಿದರೆ ಬರಿಯ ಬೆಳ್ಳನೆಯ ಕಲೆ ಬರುತ್ತದೆ. ಏಳು ಗಂಟೆಗೆ ಮೊದಲೇ ಹೋಗಬೇಕು. ಫೋನಿನ ಪರದೆಯ ಮೇಲೆ ಹೂವನ್ನು ಬೆರಳಿನಿಂದ ಒತ್ತಿ, ಬೆಳಕಿನ ಗುರುತನ್ನು ತುಸು ಕೆಳಕ್ಕೆಳೆದರೆ ಎಸಳಿನ ನರಗಳೂ ಉಳಿಯುತ್ತವೆ.

ಮಳೆಗಾಲದಲ್ಲಿ ಕದಂಬ. ಚೆಂಡಿನಂತಹ ಈ ಹೂವನ್ನು ಕನ್ನಡಿಗರು ನೋಡದಿರಬಾರದು. ಬನವಾಸಿಯ ಕದಂಬರ ಮನೆಯ ಬಳಿ ಅವರು ಅಕ್ಕರೆಯಿಂದ ಬೆಳೆಸಿದ ಕದಂಬವೃಕ್ಷವಿತ್ತೆಂದೂ ಅದರಿಂದಲೇ ವಂಶಕ್ಕೆ ಆ ಹೆಸರು ಬಂದಿತೆಂದೂ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಮಳೆ ನಿಂತ ಮೇಲೆ ಪಾರಿಜಾತ. ಅದು ನಸುಕಿನಲ್ಲಿಯೇ ಉದುರುವುದರಿಂದ ಚಿತ್ರ ಬೇಕಾದವರು ಸೂರ್ಯನಿಗಿಂತ ಮೊದಲು ಎದ್ದು, ನೆಲಕ್ಕೆ ಮೊಣಕಾಲೂರಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ಒಂದು ಬೇಸಿಗೆಯಲ್ಲಿ ನಮ್ಮಲ್ಲೊಬ್ಬರ ಮನೆಗೆ ಶಿವಮೊಗ್ಗದ ಕಡೆಯಿಂದ ಅಜ್ಜಿ ಬಂದಿದ್ದರು. ಹಿಂದಿ ಬಾರದು, ನೆರೆಹೊರೆಯಲ್ಲಿ ಮಾತಿಲ್ಲ, ಮೂರನೆಯ ಮಹಡಿಯ ಮನೆಯಲ್ಲಿ ಹಗಲೆಲ್ಲ ಒಬ್ಬರೇ. ಮೊಮ್ಮಗ ತಾನು ತೆಗೆದ ಅಮಲ್ತಾಸಿನ ಚಿತ್ರ ತೋರಿಸಿದ. "ಅಮಲ್ತಾಸ್ ಅಲ್ವೋ, ಇದು ನಮ್ಮ ಕಕ್ಕೆ!" ಎಂದರು ಅಜ್ಜಿ. ಅಂದಿನಿಂದ ಹುಡುಗ ಚಿತ್ರ ತರುವನು, ಅಜ್ಜಿ ಹೆಸರು ಹೇಳುವರು. ಸೇಮಲ್ ಬೂರುಗವಾಯಿತು, ಹರಸಿಂಗಾರ ಪಾರಿಜಾತವಾಯಿತು. ಮನೆಯಲ್ಲಿ ಸುಮ್ಮನೆ ಕೂತಿದ್ದವರು ಗುರುವಾದರು.

ಇದರಿಂದ ನಮಗೊಂದು ಮಾತು ಸ್ಪಷ್ಟವಾಯಿತು. ನಮ್ಮ ಮಕ್ಕಳು ಮನೆಯಲ್ಲಿ ಊಟ, ನೀರು, ಬಾ, ಹೋಗು ಎಂಬಷ್ಟು ಕನ್ನಡವನ್ನು ಹೇಗೂ ಕಲಿಯುತ್ತಾರೆ. ಮರಗಿಡಗಳ ಹೆಸರು ಹಾಗೆ ಬಾರದು. ಅದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮರವಂತೂ ಇಲ್ಲಿಯೂ ಅದೇ. ಹೆಸರೊಂದನ್ನು ನಾವು ತಂದು ಸೇರಿಸಬೇಕಾಗಿದೆ.

ಆದುದರಿಂದ ತಮ್ಮಲ್ಲಿ ಒಂದು ವಿನಂತಿ. ತಮ್ಮ ಮನೆಯ ಹತ್ತಿರದ ಒಂದೇ ಒಂದು ಮರವನ್ನು ಆರಿಸಿಕೊಳ್ಳಿ. ಎರಡು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ನಿಂತು ಚಿತ್ರ ತೆಗೆಯಿರಿ. ಹೂವನ್ನು ಕೀಳಬೇಡಿ, ಬರಿಯ ಕೊಂಬೆಯಿದ್ದರೂ ಚಿತ್ರ ಬಿಡಬೇಡಿ. ರೀಲಿನ ಕಾಲದಲ್ಲಿ 36 ಚಿತ್ರಕ್ಕೆ ಮುಗಿಯುತ್ತಿತ್ತು, ಹಾಗಾಗಿ ಯೋಚಿಸಿ ತೆಗೆಯುತ್ತಿದ್ದರು. ಈಗ ಫೋನಿನಲ್ಲಿ ಸಾವಿರ ಚಿತ್ರಗಳಿದ್ದರೂ ತಿರುಗಿ ನೋಡುವವರಿಲ್ಲ. ವರ್ಷಕ್ಕೆ ಆರೇ ಆರು ಚಿತ್ರ ಅಚ್ಚು ಹಾಕಿಸಿ. ಹಿಂದೆ ದಿನಾಂಕ, ಸ್ಥಳ, ಮರದ ಕನ್ನಡ ಹೆಸರು ಇವನ್ನು ಮಕ್ಕಳ ಕೈಯಿಂದಲೇ ಬರೆಸಿ. ಹೆಸರಿಲ್ಲದ ಚಿತ್ರ ಸಹಿಯಿಲ್ಲದ ಚೆಕ್ಕಿನಂತೆ. ನೋಡಲು ಅಂದವೇ, ನಗದಾಗದು.

ಬರುವ ರಾಜ್ಯೋತ್ಸವಕ್ಕೆ ಮನೆಗೊಂದು ಮರದಂತೆ ಚಿತ್ರಗಳು ಬಂದರೆ ಈ ಸಭಾಂಗಣದ ಗೋಡೆಗಳ ಮೇಲೆ ಅವನ್ನು ತೂಗುಹಾಕುವ ಕೆಲಸ ನಮ್ಮದು. ಹೆಸರು ಗೊತ್ತಾಗದ ಮರಗಳ ಚಿತ್ರಗಳನ್ನೂ ಧಾರಾಳವಾಗಿ ತನ್ನಿ. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಅಜ್ಜ ಅಜ್ಜಿಯರಿಗೆ ಅಂದು ಕೈತುಂಬ ಕೆಲಸವಿರಲಿ.