ಎಲೆಯ ತಳಿಯನ್ನು ಎಲೆಯಿಂದಲೇ ಓದುವುದು

ಹುಕ್ಕೇರಿಯ ಹೊಲಗಳಲ್ಲಿ ಆಲಿವ್ ಮರವಿಲ್ಲ. ಅದರ ಬಂಧುಗಳು ಮಾತ್ರ ಇಲ್ಲಿಯ ಅಂಗಳಗಳಲ್ಲಿವೆ. ಮಲ್ಲಿಗೆ ಮತ್ತು ಪಾರಿಜಾತ ಎರಡೂ ಆಲಿವ್ ಕುಟುಂಬದ ಸಸ್ಯಗಳೇ. ಕೀಲುನೋವಿಗೆಂದು ಪಾರಿಜಾತದ ಎಲೆ ಕುದಿಸಿ ಕುಡಿದವರು ಆ ಕಹಿಯನ್ನು ಮರೆಯುವುದಿಲ್ಲ. ಆಲಿವ್ ಎಲೆಯೂ ಕಹಿಯೇ. ಆ ಕಹಿಗೆ ಮುಖ್ಯ ಕಾರಣವಾದ ಓಲಿಯೊರೋಪಿನ್ ಎಂಬ ವಸ್ತುವನ್ನು ಫ್ರಾನ್ಸಿನ ರಸಾಯನಜ್ಞರು 1908ರಲ್ಲಿ ಬೇರ್ಪಡಿಸಿದರು. ಇಂದು ಆಲಿವ್ ತಳಿಗಳನ್ನು ಬೇರೆ ಬೇರೆ ಎಂದು ಗುರುತಿಸಲು ಎಲೆಯ ಇಂಥ ವಸ್ತುಗಳನ್ನೇ ಅಳೆಯುತ್ತಾರೆ. ಎಲೆ, ಅದರ ರಸಾಯನ ಮತ್ತು ತಳಿಯ ಗುರುತನ್ನು ಕುರಿತ ಈ ವಿಚಾರ ಸಂಕಿರಣಕ್ಕೆ ಅಲ್ಲಿಂದಲೇ ಆರಂಭ ಸಿಗುತ್ತದೆ.

ಎಲೆಯನ್ನೇ ಏಕೆ ಅಳೆಯಬೇಕು? ಆಲಿವ್ ಸಸಿ ಕಾಯಿ ಬಿಡಲು ವರ್ಷಗಳು ಹಿಡಿಯುತ್ತವೆ. ನರ್ಸರಿಯಲ್ಲಿ ತಪ್ಪು ಸಸಿ ಕೊಂಡ ರೈತನಿಗೆ ಅದು ತಿಳಿಯುವ ಹೊತ್ತಿಗೆ ತೋಟ ಬೆಳೆದುಬಿಟ್ಟಿರುತ್ತದೆ. ಎಲೆ ಮಾತ್ರ ವರ್ಷವಿಡೀ ಕೈಗೆ ಸಿಗುತ್ತದೆ. ಮೇಲಾಗಿ ಆಲಿವ್ ಹಬ್ಬಿದ್ದು ಟೊಂಗೆ ನೆಟ್ಟು, ಕಸಿ ಕಟ್ಟಿ. ಹೀಗಾಗಿ ಒಂದೇ ತಳಿಗೆ ಊರಿಗೊಂದು ಹೆಸರು, ಒಂದೇ ಹೆಸರಿನಲ್ಲಿ ಹಲವು ತಳಿ. ಸ್ಪೇನಿನ ಕಾರ್ಡೊಬಾದ ಆಲಿವ್ ತಳಿ ಸಂಗ್ರಹಾಲಯದಲ್ಲಿ ವಿಜ್ಞಾನಿಗಳು ಈ ಹೆಸರುಗಳ ಗೋಜಲನ್ನು ಬಿಡಿಸುವುದಕ್ಕೆ ದಶಕಗಳನ್ನೇ ಸವೆಸಿದ್ದಾರೆ.

ಈ ಗೋಜಲು ಕನ್ನಡ ನಾಡಿಗೆ ಹೊಸದೇನಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿಯ ಸಂತೆಗಳಲ್ಲಿ ಪೆಂಡಿಗಟ್ಟಲೆ ಮಾರುವ ವೀಳ್ಯದೆಲೆಯ ಕಥೆಯೂ ಇದೇ. ಕರಿಯೆಲೆ, ಅಂಬಾಡಿ ಎಲೆ, ಮೈಸೂರೆಲೆ ಎಂದು ವ್ಯಾಪಾರಿ ಹೆಸರು ಹೇಳುತ್ತಾನೆ. ಬಣ್ಣ ನೋಡಿ, ಮೂಸಿ, ತುದಿ ಹರಿದು ಬಾಯಿಗಿಟ್ಟು ಗಿರಾಕಿ ಒಪ್ಪುತ್ತಾನೆ. ಆದರೆ ಒಂದು ಊರಿನ ಕರಿಯೆಲೆ ಇನ್ನೊಂದು ಊರಿನ ಕರಿಯೆಲೆಯೇ ಎಂದು ಯಾವ ಆಧಾರದ ಮೇಲೆ ಹೇಳುವುದು? ಬಳ್ಳಿ ತುಂಡಿನಿಂದ ತುಂಡಿಗೆ ಹಬ್ಬುತ್ತದೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೂವು ಅಪರೂಪ, ಕಾಯಿ ಇನ್ನೂ ಅಪರೂಪ. ಆಲಿವ್‌ನಲ್ಲಿ ತಡವಾದರೂ ಕಾಯಿ ಕಂಡು ತಳಿ ಹೇಳಬಹುದು. ವೀಳ್ಯದ ಬಳ್ಳಿಯಲ್ಲಿ ಆ ಅವಕಾಶವೂ ಇಲ್ಲದಿರುವುದರಿಂದ ಎಲೆಯ ಪರೀಕ್ಷೆ ಆಲಿವ್‌ಗಿಂತ ವೀಳ್ಯಕ್ಕೇ ಹೆಚ್ಚು ಬೇಕು.

ಈ ಕೆಲಸಕ್ಕೆ ನಮ್ಮ ದೇಶದಲ್ಲೇ ಗಟ್ಟಿ ಅಡಿಪಾಯವಿದೆ. ಲಕ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಲೆಯ ಪರಿಮಳ ತೈಲದ ಘಟಕಗಳನ್ನೇ ವೀಳ್ಯದ ತಳಿಗಳ ಗುರುತಾಗಿ ಬಳಸಬಹುದೆಂದು 1989ರಲ್ಲಿ ಪ್ರಕಟಿಸಿದರು. ಬಾಂಗ್ಲಾ, ದೇಸಾವರಿ, ಕಪೂರಿ, ಮೀಠಾ, ಸಾಂಚಿ ಎಂಬ ಐದು ಗುಂಪುಗಳು ಅಲ್ಲಿ ಸ್ಪಷ್ಟವಾದವು. ಬಾಂಗ್ಲಾ ಎಲೆಯಲ್ಲಿ ಯೂಜೆನಾಲ್ ಮೇಲುಗೈ. ಲವಂಗದ ಘಾಟು ಬರುವುದೂ ಅದರಿಂದಲೇ. ಮೀಠಾ ಎಲೆಯಲ್ಲಿ ಸೋಂಪಿನ ಸಿಹಿ ವಾಸನೆಯ ಅನೆಥಾಲ್ ಹೆಚ್ಚು. ಪಾನಪಟ್ಟಿ ಅಂಗಡಿಯವನ ಮೂಗು ಹಿಂದಿನಿಂದಲೂ ಹೇಳುತ್ತಿದ್ದುದನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರ ಅಂಕಿಯಲ್ಲಿ ಬರೆದು ತೋರಿಸಿತು. ಅನುಭವಿಯ ಮೂಗಿಗೆ ವಿಜ್ಞಾನದಿಂದ ಸಿಕ್ಕ ಈ ಮನ್ನಣೆ ದೊಡ್ಡದು.

ಮೂಗು ಸೋಲುವ ಕಡೆಯೂ ಇದೆ. ಯೂಜೆನಾಲ್ ಮತ್ತು ಚಾವಿಬೆಟಾಲ್ ಎಂಬ ಎರಡು ವಸ್ತುಗಳಲ್ಲಿ ಇಂಗಾಲದ 10, ಜಲಜನಕದ 12, ಆಮ್ಲಜನಕದ 2 ಪರಮಾಣುಗಳು ಸಮಸಮ. ಅಣುವಿನ ಉಂಗುರದ ಮೇಲೆ ಎರಡು ಪರಮಾಣು ಗುಂಪುಗಳು ಜಾಗ ಬದಲಿಸಿ ಕೂತಿರುವುದಷ್ಟೇ ವ್ಯತ್ಯಾಸ. ಅವಸರದ ಪ್ರಯೋಗದಲ್ಲಿ ಒಂದನ್ನು ಇನ್ನೊಂದೆಂದು ಓದಿಬಿಡುವ ಅಪಾಯ ಇಲ್ಲಿ ನಿಜವಾದದ್ದು. ಹಾಗೆ ಓದಿದರೆ ತಳಿಯ ಗುರುತೇ ತಲೆಕೆಳಗಾಗುತ್ತದೆ. ಶುದ್ಧ ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸದ ಯಾವ ಫಲಿತಾಂಶವನ್ನೂ ಈ ಸಂಕಿರಣ ಒಪ್ಪಬಾರದು. ಇನ್ನು ವೀಳ್ಯದೆಲೆಯಲ್ಲಿ ಸ್ಯಾಫ್ರೋಲ್ ಎಂಬ ವಸ್ತುವೂ ಇದೆ. ಇಲಿಗಳಲ್ಲಿ ಯಕೃತ್ತಿನ ಗಡ್ಡೆ ತರುವುದೆಂದು ಕಂಡುಬಂದ ಈ ವಸ್ತುವನ್ನು ಆಹಾರಕ್ಕೆ ಬೆರೆಸುವುದನ್ನು ಅಮೆರಿಕ 1960ರಲ್ಲಿ ನಿಷೇಧಿಸಿತು. ಯಾವ ಎಲೆಯಲ್ಲಿ ಅದು ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬುದು ದಿನವೂ ಎಲೆ ಮೆಲ್ಲುವವರ ಆರೋಗ್ಯದ ಪ್ರಶ್ನೆ.

ರಸಾಯನವೊಂದನ್ನೇ ನಂಬಿದರೂ ದಾರಿ ತಪ್ಪುತ್ತದೆ. ಇದನ್ನು ಕಲಿಸಲು ಪಕ್ಕದ ನಿಪ್ಪಾಣಿ ಸೀಮೆಯ ತಂಬಾಕಿಗಿಂತ ಒಳ್ಳೆಯ ಪಾಠವಿಲ್ಲ. ತಂಬಾಕಿನ ಖಾರಕ್ಕೆ ಕಾರಣವಾದ ನಿಕೋಟಿನ್ ಎಲೆಯಲ್ಲಿ ಸಿಗುತ್ತದೆ, ಹುಟ್ಟುವುದು ಮಾತ್ರ ಬೇರಿನಲ್ಲಿ. ಅಮೆರಿಕದ ವಿಜ್ಞಾನಿ ರೇ ಡಾಸನ್ 1940ರ ದಶಕದ ಆರಂಭದಲ್ಲಿ ತಂಬಾಕಿನ ಬೇರಿನ ಮೇಲೆ ಟೊಮೆಟೊ ಕಸಿ ಮಾಡಿದಾಗ ಟೊಮೆಟೊ ಎಲೆಯಲ್ಲೂ ನಿಕೋಟಿನ್ ತುಂಬಿಕೊಂಡಿತು. ಆ ಗಿಡದ ಎಲೆಯನ್ನಷ್ಟೇ ಅಳೆದವನು ಏನೆಂದು ಬರೆದುಕೊಳ್ಳುತ್ತಿದ್ದ? ರೈತರಿಗೆ ಇನ್ನೊಂದು ಸಂಗತಿಯೂ ಗೊತ್ತು. ಕುಡಿ ಚಿವುಟಿ, ಪಕ್ಕದ ಚಿಗುರು ತೆಗೆದರೆ ಅದೇ ತಳಿಯ ಎಲೆ ಖಾರವಾಗುತ್ತದೆ. ಅಂದರೆ ಎಲೆಯ ರಸಾಯನದಲ್ಲಿ ತಳಿಯೂ ಇದೆ, ಬೇಸಾಯಗಾರನ ಕೈಯೂ ಇದೆ.

ವೀಳ್ಯದಲ್ಲೂ ಹಾಗೆಯೇ. ಎಳೆಯ ಎಲೆ, ಬಲಿತ ಎಲೆ, ಬಳ್ಳಿ ಇಳಿಸುವ ಮುನ್ನ ಕೊಯ್ದದ್ದು, ಇಳಿಸಿದ ಮೇಲೆ ಕೊಯ್ದದ್ದು, ನುಗ್ಗೆಗೆ ಹಬ್ಬಿದ್ದು, ಚೊಗಚೆಯ ನೆರಳಲ್ಲಿದ್ದದ್ದು, ಮಳೆಗಾಲದ್ದು, ಬೇಸಿಗೆಯದ್ದು: ಇವೆಲ್ಲವನ್ನೂ ಬರೆದಿಟ್ಟುಕೊಳ್ಳದೆ ತಂದ ಎಲೆಯ ವಿಶ್ಲೇಷಣೆ ಅರ್ಧ ಸತ್ಯ. ಅದಕ್ಕೇ ಒಂದು ವಸ್ತುವಿನ ಪ್ರಮಾಣಕ್ಕಿಂತ ಹಲವು ವಸ್ತುಗಳ ಪರಸ್ಪರ ಅನುಪಾತವನ್ನು ನೋಡುವುದು ಲೇಸು. ತಳಿಗಳನ್ನೆಲ್ಲ ಒಂದೇ ಮಣ್ಣಿನಲ್ಲಿ, ಒಂದೇ ನೀರಿನಲ್ಲಿ ಬೆಳೆಸಿ ಹೋಲಿಸುವುದು ಇನ್ನೂ ಲೇಸು. ಡಿಎನ್‌ಎ ಪರೀಕ್ಷೆ ಜೊತೆಗಿರಲಿ. ಅದು ಬಳ್ಳಿಯ ವಂಶ ಹೇಳುತ್ತದೆ. ಎಲೆಯ ರುಚಿ, ಘಾಟು ಏನೆಂದು ಹೇಳಬೇಕಾದದ್ದು ರಸಾಯನವೇ, ಗಿರಾಕಿ ಹಣ ಕೊಡುವುದೂ ಅದಕ್ಕೇ.

ಗುರುತಿಗೆ ಬೆಲೆಯೂ ಇದೆ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಿ ಬಹಳ ಹಿಂದೆಯೇ ಸಿಕ್ಕಿತು. ಬಿಹಾರದ ಮಗಹಿ ಪಾನ್ 2018ರಲ್ಲಿ, ಕೇರಳದ ತಿರೂರ್ ವೆತ್ತಿಲ 2019ರಲ್ಲಿ ಆ ಪಟ್ಟಿಗೆ ಸೇರಿದವು. ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದ ಮೇಲೆ, ಬೇರೆ ಎಲೆಯನ್ನು ಆ ಹೆಸರಲ್ಲಿ ಮಾರುವವನನ್ನು ಹಿಡಿಯಲು ಸಾಕ್ಷಿ ಬೇಕು. ಎಲೆಯ ರಸಾಯನ ಆ ಸಾಕ್ಷಿಯಾಗಬಲ್ಲದು.

ಉತ್ತರ ಕರ್ನಾಟಕದ ಕರಿಯೆಲೆ, ಅಂಬಾಡಿ ಎಲೆಗಳ ಪೂರ್ಣ ಚಿತ್ರ ಬರೆಯಬೇಕಾದವರು ಇಲ್ಲಿಯವರೇ. ಮೂಡಲಗಿ ಸೀಮೆಯ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಸಂಕೇಶ್ವರದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಘಟಪ್ರಭೆಯ ನೀರಾವರಿಯಲ್ಲಿ ಕಬ್ಬು ಆವರಿಸಿಕೊಂಡಷ್ಟೂ ಸಣ್ಣ ಬೆಳೆಗಳಿಗೆ ಜಾಗ ಕಿರಿದಾಗುತ್ತದೆ. ಬುಡಕೊಳೆ ರೋಗ ಹೊಕ್ಕ ತೋಟದಲ್ಲಿ ಬಳ್ಳಿ ಹೋದರೆ ಅದರ ತುಂಡೂ ಉಳಿಯುವುದಿಲ್ಲ. ಆದ್ದರಿಂದ ಈ ಸಭೆಯಲ್ಲಿ ಕೂತಿರುವ ಸಂಶೋಧಕರು ಸಂಕಿರಣ ಮುಗಿಸಿ ಊರಿಗೆ ಮರಳುವ ಮುನ್ನ ಒಂದು ಕೆಲಸಕ್ಕೆ ಒಪ್ಪಿಕೊಳ್ಳಬೇಕು. ಮೂರೂ ತಾಲ್ಲೂಕುಗಳ ಹಳೆಯ ಎಲೆತೋಟಗಳಿಂದ ಬಳ್ಳಿ ತುಂಡುಗಳನ್ನು ತಂದು, ರೈತ ಕರೆಯುವ ಹೆಸರನ್ನೇ ಬರೆದು, ಒಂದೇ ತೋಟದಲ್ಲಿ ಸಾಲಾಗಿ ನೆಡಬೇಕು. ತುಂಡು ಕೊಟ್ಟ ರೈತರಿಗೆ ಫಲಿತಾಂಶವನ್ನು ಕನ್ನಡದಲ್ಲೇ ತಲುಪಿಸಬೇಕು.