ಅರ್ಜಿ ಮೊದಲೋ, ಮರುಪರೀಕ್ಷೆ ಮೊದಲೋ?

ಹೋದ ಸೆಪ್ಟೆಂಬರಿನ ಮೊದಲ ವಾರ ನ್ಯೂಜೆರ್ಸಿಯಿಂದ ನನ್ನ ತಂಗಿ ಟೆಲಿಫೋನು ಮಾಡಿದಳು. ಅವಳ ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು. ಲಾ ಓದಬೇಕೆಂದು ಅವಳ ಹಟ. “ಅಣ್ಣಾ, ಪರೀಕ್ಷೆಯಲ್ಲಿ 161 ಬಂದಿದೆ. ಈಗಲೇ ಅರ್ಜಿ ಹಾಕೋದೋ, ಇನ್ನೊಂದು ಸಲ ಕೂತು ಆಮೇಲೆ ಹಾಕೋದೋ ಅಂತ ಊಟ ಬಿಟ್ಟು ಕೂತಿದಾಳೆ. ನೀನು ವಕೀಲ, ನೀನೇ ಹೇಳು” ಎಂದಳು. ನಲವತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದ ನನಗೆ ಆ ಪರೀಕ್ಷೆಯ ಗಂಧವೂ ಇರಲಿಲ್ಲ. ನಮ್ಮ ಕಾಲದಲ್ಲಿ ಡಿಗ್ರಿ ಪಾಸಾದವನು ಫೀಜು ಕಟ್ಟಿದರೆ ತೀರಿತು. ಒಂದು ವಾರ ಕೂತು ತಿಳಿದುಕೊಂಡೆ. ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಮನೆ ಈಗ ನಮ್ಮ ಊರುಗಳಲ್ಲಿ ಬೀದಿಗೊಂದಾದರೂ ಉಂಟಷ್ಟೆ. ತಿಳಿದದ್ದನ್ನು ತಮ್ಮ ಮುಂದಿಡುತ್ತೇನೆ.

ಈ ಪರೀಕ್ಷೆಗೆ ಎಲ್‌ಸ್ಯಾಟ್ ಎಂದು ಹೆಸರು. 1948ರಲ್ಲಿ ಆರಂಭವಾದದ್ದು. ಅಂಕಗಳು 120ರಿಂದ 180ರವರೆಗೆ. ಸೋಜಿಗವೆಂದರೆ, ಇದರಲ್ಲಿ ಕಾನೂನಿನ ಪ್ರಶ್ನೆ ಒಂದೂ ಇಲ್ಲ. ಓದಿದ್ದು ಅರ್ಥವಾಯಿತೇ, ವಾದದಲ್ಲಿ ಎಲ್ಲಿ ಎಡವಿದ್ದಾರೆ, ಇಷ್ಟೇ. ಒಗಟಿನಂಥ ಒಂದು ವಿಭಾಗವಿತ್ತು, 2024ರ ಆಗಸ್ಟಿನಿಂದ ಅದನ್ನೂ ಕೈಬಿಟ್ಟರು. ವರ್ಷದಲ್ಲಿ ಹಲವು ಸಲ ನಡೆಯುತ್ತದೆ. ಒಬ್ಬರು ಜೀವಮಾನದಲ್ಲಿ ಏಳು ಸಲ ಕೂರಬಹುದು.

ಇನ್ನು ಅರ್ಜಿಯ ವಿಚಾರ. ಬಾಗಿಲು ಸೆಪ್ಟೆಂಬರಿನ ಹೊತ್ತಿಗೆ ತೆರೆಯುತ್ತದೆ, ಕಡೆಯ ದಿನ ಫೆಬ್ರವರಿಯೋ ಮಾರ್ಚೋ ಇರುತ್ತದೆ. ಹಾಗೆಂದು ಮಾರ್ಚಿನವರೆಗೆ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಬಹುಪಾಲು ಶಾಲೆಗಳು ಅರ್ಜಿ ಬಂದ ಹಾಗೆಲ್ಲ ಓದಿ ಸೀಟು ಕೊಡುತ್ತ ಹೋಗುತ್ತವೆ. ಸೀಟಿನ ಜೊತೆಗೆ ವಿದ್ಯಾರ್ಥಿವೇತನದ ಗಂಟೂ ಕರಗುತ್ತದೆ. ತಡಮಾಡಿದವನು ಮದುವೆಮನೆಯ ಕಡೇ ಪಂಕ್ತಿಗೆ ಕೂತ ಹಾಗೆ. ಊಟವುಂಟು, ಹೋಳಿಗೆ ಇರಲಾರದು.

ಹಾಗಾದರೆ ಇರುವ ಅಂಕದಲ್ಲೇ ಬೇಗ ಹಾಕಿಬಿಡೋಣವೇ? ಅದೂ ಸರಿಯಲ್ಲ. ಪ್ರತಿ ಶಾಲೆಯೂ ತಾನು ಸೇರಿಸಿಕೊಂಡವರ ನಡುವಣ ಅಂಕವನ್ನು ಪ್ರಕಟಿಸಬೇಕು. ಅದರ ಮೇಲಿರುವವರನ್ನು ಆದರದಿಂದ ಕರೆಯುತ್ತದೆ, ಹಣವನ್ನೂ ಕೊಡುತ್ತದೆ. ಹಿಂದೆ ಹಲವು ಸಲ ಬರೆದವರ ಸರಾಸರಿಯನ್ನು ಹಿಡಿಯುತ್ತಿದ್ದರು. 2006ರಿಂದ ಅತಿ ಹೆಚ್ಚಿನ ಅಂಕವನ್ನೇ ಲೆಕ್ಕಕ್ಕೆ ಕೊಡುವ ಪದ್ಧತಿ ಬಂತು. ಆದ್ದರಿಂದ ಮತ್ತೆ ಬರೆದವರ ಬಗ್ಗೆ ಶಾಲೆಗೆ ಮೊದಲಿನಷ್ಟು ಮುನಿಸಿಲ್ಲ.

“ಅರ್ಜಿಯನ್ನೂ ಹಾಕಿ, ಪರೀಕ್ಷೆಗೂ ಕೂತರೆ?” ಎಂದು ತಂಗಿ ಕೇಳಿದಳು. ಜಾಣತನದ ಮಾತೇ. ಆದರೆ ಕೆಲವು ಶಾಲೆಗಳು ಹೊಸ ಅಂಕ ಬರುವವರೆಗೆ ಅರ್ಜಿಯನ್ನು ಮುಟ್ಟುವುದಿಲ್ಲ, ಬೇಗ ಹಾಕಿದ್ದು ವ್ಯರ್ಥ. ಕೆಲವು ಹಳೆಯ ಅಂಕದ ಮೇಲೆಯೇ ತೀರ್ಪು ಕೊಡುತ್ತವೆ; ಆಗದೆಂದು ಬಂದರೆ ಸಾಮಾನ್ಯವಾಗಿ ಆ ವರ್ಷಕ್ಕೆ ಅಲ್ಲಿ ಬಾಗಿಲು ಮುಚ್ಚಿದಂತೆ.

ನಾನು ಸೊಸೆಯನ್ನೇ ಕರೆದು, “ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆದೆಯಲ್ಲ, ಅದರಲ್ಲಿ ಎಷ್ಟು ಬರುತ್ತಿತ್ತು?” ಎಂದೆ. ಕಡೆಯ ಐದರಲ್ಲಿ 165ಕ್ಕೆ ಇಳಿದದ್ದೇ ಇಲ್ಲವಂತೆ. ಪರೀಕ್ಷೆಯ ದಿನ ಜ್ವರವಂತೆ. ಇದೇ ಸಾಕ್ಷ್ಯ. ಮನೆಯಲ್ಲೂ 161 ಬರುತ್ತಿದ್ದರೆ ಅರ್ಜಿ ಹಾಕು ಎನ್ನುತ್ತಿದ್ದೆ. ನವೆಂಬರಿನ ಪರೀಕ್ಷೆಗೆ ಹೆಸರು ಕೊಡು, ಅಂಕ ಬಂದ ದಿನವೇ ಕಳಿಸುವಂತೆ ಮಿಕ್ಕ ಕಾಗದಗಳನ್ನೆಲ್ಲ ಸಿದ್ಧಮಾಡು ಎಂದೆ. ಹೆಸರು ಕೊಡುವ ಗಡುವು ಪರೀಕ್ಷೆಗೆ ತಿಂಗಳಿಗೂ ಮುಂಚೆಯೇ ಮುಗಿಯುತ್ತದೆ. ಎಷ್ಟೋ ಮಕ್ಕಳು ಎಡವುವುದು ಇಲ್ಲಿ.

ಅದೂ ಕೈಕೊಟ್ಟರೆ? ಜನವರಿಯಲ್ಲಿ ಬರೆದು ತರಾತುರಿಯಲ್ಲಿ ಹಾಕುವುದಕ್ಕಿಂತ ಒಂದು ವರ್ಷ ನಿಲ್ಲುವುದು ಮೇಲೆಂದು ನನ್ನ ಮತ. “ವರ್ಷ ಹಾಳಲ್ಲವೇ?” ಎಂದು ತಂಗಿ ಮುಖ ಸಿಂಡರಿಸಿರಬೇಕು. ಆದರೆ ಲೆಕ್ಕ ನೋಡಿ: ಹೆಸರಾದ ಕೆಲವು ಖಾಸಗಿ ಶಾಲೆಗಳಲ್ಲಿ ಬೋಧನಾಶುಲ್ಕವೇ ವರ್ಷಕ್ಕೆ 70,000 ಡಾಲರು ದಾಟಿದೆ, ಓದು ಮೂರು ವರ್ಷದ್ದು. 2025ರ ಕಾನೂನಿನಂತೆ, 2026ರ ಜುಲೈನಿಂದ ಹೊಸದಾಗಿ ಸಾಲ ಪಡೆಯುವವರಿಗೆ ಅಲ್ಲಿನ ಸರ್ಕಾರ ವರ್ಷಕ್ಕೆ 50,000ಕ್ಕೆ ಮಿತಿ ಹಾಕಿದೆ. ನಾಲ್ಕೈದು ಅಂಕ ತರುವ ವಿದ್ಯಾರ್ಥಿವೇತನ ಒಂದು ವರ್ಷದ ಸಂಬಳಕ್ಕಿಂತ ದೊಡ್ಡದಾಗಬಹುದು.

ಹುಡುಗಿ ನವೆಂಬರಿನಲ್ಲಿ ಕೂತಳು, 166 ಬಂತು. ಒಂದು ಶಾಲೆಯಿಂದ ಒಪ್ಪಿಗೆ ಬಂದಿದೆ, ಎರಡರಿಂದ ಬರಬೇಕು. ಅವಳು ಈಗ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳಂತೆ. ಊಟ ಬಿಟ್ಟಿರುವವಳು ನನ್ನ ತಂಗಿ.